ಬೆಳ್ಳಿಯ ಬೆನ್ನುಹತ್ತಿದ ಬೇಸಿಗೆ

ಪ್ರವಾಸ ಕಥನ ಓದುವಾಗ ನನಗೊಂದು ಚಾಳಿ. ಬರೆದವರು ಎಲ್ಲಿಗೆ ಹೋದರು, ಏನು ಕಂಡರು ಎನ್ನುವುದಕ್ಕಿಂತ ಮೊದಲು, ಖರ್ಚಿಗೆ ದುಡ್ಡು ಯಾರು ಕೊಟ್ಟರು, ಮನೆಯಲ್ಲಿ ಮಕ್ಕಳನ್ನು ಯಾರು ನೋಡಿಕೊಂಡರು ಎಂದು ಹುಡುಕುತ್ತೇನೆ. ತಿಂಗಳ ಕೊನೆಗೆ ದಿನಸಿ ಚೀಟಿ ಕೂಡಿಸಿ ರೂಢಿಯಾದವರಿಗೆ ಈ ಚಾಳಿ ಸುಲಭಕ್ಕೆ ಬಿಡುವುದಲ್ಲ. ಹೆಚ್ಚಿನ ಪುಸ್ತಕಗಳಲ್ಲಿ ಉತ್ತರ ಸಿಗುವುದಿಲ್ಲ. ಬೆಟ್ಟ ಇರುತ್ತದೆ, ಸೂರ್ಯಾಸ್ತ ಇರುತ್ತದೆ, ಟಿಕೇಟಿನ ಲೆಕ್ಕ ಮಾತ್ರ ಇರುವುದಿಲ್ಲ.

ಇನ್ನೂರು ವರ್ಷಕ್ಕೂ ಹಿಂದಿನ ಒಂದು ಪುಸ್ತಕವನ್ನು ಓದುತ್ತ ಇದೇ ಪ್ರಶ್ನೆ ಹಿಡಿದು ಹೊರಟ ಇತಿಹಾಸಕಾರನೊಬ್ಬನಿಗೆ ಒಂದು ಹಡಗೂ ಅದರೊಳಗಿನ ಬೆಳ್ಳಿಯೂ ಸಿಕ್ಕಿದ ಕಥೆ ಇದು. ಪುಸ್ತಕದ ಹೆಸರು ಉದ್ದವಾಗಿದೆ. ಸ್ವೀಡನ್, ನಾರ್ವೆ ಮತ್ತು ಡೆನ್ಮಾರ್ಕುಗಳಲ್ಲಿ ಅಲ್ಪಕಾಲ ತಂಗಿದ್ದಾಗ ಬರೆದ ಪತ್ರಗಳು ಎಂದು ಅದರ ಅರ್ಥ. 1796ರ ಆರಂಭದಲ್ಲಿ ಲಂಡನ್ನಿನ ಜೋಸೆಫ್ ಜಾನ್ಸನ್ ಎಂಬ ಪ್ರಕಾಶಕ ಅದನ್ನು ಹೊರತಂದ. ಒಳಗೆ 25 ಪತ್ರಗಳು. ಬರೆದವಳು ಮೇರಿ ವುಲ್‌ಸ್ಟನ್‌ಕ್ರಾಫ್ಟ್.

ಈ ಹೆಸರು ನಮ್ಮಲ್ಲಿ ಇತಿಹಾಸವನ್ನೋ ಇಂಗ್ಲಿಷನ್ನೋ ಓದಿದವರಿಗೆ ಒಂದು ಸಾಲಿನಲ್ಲಿ ಗೊತ್ತು. 1792ರಲ್ಲಿ ಹೆಣ್ಣಿನ ಹಕ್ಕುಗಳನ್ನು ಎತ್ತಿಹಿಡಿದು ಪುಸ್ತಕ ಬರೆದವಳು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ ಆ ಸಾಲನ್ನು ನಾನು ಕರಿಹಲಗೆಯ ಮೇಲೆ ಅದೆಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಹುಡುಗಿಯರು ಇಸವಿಯನ್ನು ಗುರುತು ಹಾಕಿಕೊಂಡು ಮುಂದಿನ ಪುಟಕ್ಕೆ ಹೋಗುತ್ತಿದ್ದರು. ಅದೇ ಹೆಂಗಸು ಮೂರು ವರ್ಷದ ನಂತರ ಕೈಗೂಸನ್ನು ಎತ್ತಿಕೊಂಡು ಉತ್ತರದ ಕಡಲಿಗೆ ಹೊರಟಳು ಎನ್ನುವುದು ಪರೀಕ್ಷೆಗೆ ಬರುವ ವಿಷಯವಲ್ಲ.

ಪುಸ್ತಕವನ್ನು ಹಾಗೇ ಓದುತ್ತ ಹೋದರೆ ಅದೊಂದು ಹಾಯಾದ ಬೇಸಿಗೆಯ ತಿರುಗಾಟ. ದೋಣಿ ಬಂಡೆಗಳ ನಡುವೆ ತೇಲುತ್ತದೆ. ಪೈನ್ ಕಾಡಿನ ವಾಸನೆ ನೀರಿನ ಮೇಲಿಂದ ಬರುತ್ತದೆ. ನಡುರಾತ್ರಿಯಲ್ಲೂ ಆಕಾಶದಲ್ಲಿ ಬೆಳಕು. ಮೇರಿಗೆ ಎಲ್ಲಿಗೂ ಅವಸರದಲ್ಲಿ ತಲುಪಬೇಕಾಗಿಲ್ಲ ಎನ್ನುವ ಹಾಗೆ ಸಾಲುಗಳು ನಿಧಾನವಾಗಿ ಸಾಗುತ್ತವೆ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಓದುಗರು ಇದನ್ನು ಹಾಗೆಯೇ ಓದಿದರು. ನಡುನಡುವೆ ಮಾತ್ರ ತನ್ನ ಕೆಲಸ ಇನ್ನೂ ಮುಗಿದಿಲ್ಲವೆಂದೋ, ಕೆಲಸದ ಮೇಲೆ ಇಂಥ ಊರಿಗೆ ಹೋಗಬೇಕಾಯಿತೆಂದೋ ಒಂದು ಮಾತು ಬಂದು ಮಾಯವಾಗುತ್ತದೆ. ಏನು ಕೆಲಸ? ಪುಸ್ತಕದ ಉದ್ದಕ್ಕೂ ಅವಳು ಅದನ್ನು ಹೇಳುವುದಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. 1792ರ ಡಿಸೆಂಬರಿನಲ್ಲಿ ಮೇರಿ ಫ್ರಾನ್ಸಿನ ಕ್ರಾಂತಿಯನ್ನು ಕಣ್ಣಾರೆ ನೋಡಲು ಒಬ್ಬಳೇ ಪ್ಯಾರಿಸ್ಸಿಗೆ ಹೋದಳು. ಆಗ ಅವಳಿಗೆ 33 ವರ್ಷ. ಬರವಣಿಗೆಯಿಂದಲೇ ಹೊಟ್ಟೆ ಹೊರೆದುಕೊಂಡು, ತಂಗಿಯರಿಗೂ ಆಸರೆಯಾಗಿದ್ದವಳು. ಪ್ಯಾರಿಸ್ಸಿನಲ್ಲಿ ಗಿಲ್ಬರ್ಟ್ ಇಮ್ಲೆ ಎಂಬ ಅಮೆರಿಕನ್ ಸಿಕ್ಕಿದ. ಹಿಂದೆ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿದ್ದವನು, ಆಮೇಲೆ ಭೂಮಿ ವ್ಯಾಪಾರಕ್ಕೆ ಇಳಿದವನು, ಒಂದೆರಡು ಪುಸ್ತಕವನ್ನೂ ಬರೆದವನು. ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ಶುರುವಾಗಿ ಪ್ಯಾರಿಸ್ಸಿನಲ್ಲಿದ್ದ ಇಂಗ್ಲಿಷರನ್ನೆಲ್ಲ ಸೆರೆಮನೆಗೆ ತಳ್ಳತೊಡಗಿದಾಗ ಇಮ್ಲೆ ಅವಳನ್ನು ತನ್ನ ಹೆಂಡತಿ ಎಂದು ಅಮೆರಿಕದ ರಾಯಭಾರ ಕಚೇರಿಯಲ್ಲಿ ಬರೆಸಿದ. ಮದುವೆ ಆಗಿರಲಿಲ್ಲ. ಆ ಕಾಗದ ಅವಳ ತಲೆ ಉಳಿಸಿತು ಎನ್ನುವುದೂ ನಿಜ. 1794ರ ಮೇ 14ರಂದು ಲ ಹಾವ್ರ್ ಬಂದರಿನಲ್ಲಿ ಅವರಿಗೆ ಹೆಣ್ಣು ಮಗು ಹುಟ್ಟಿತು. ಬಾಣಂತನದಲ್ಲಿ ತೀರಿಹೋಗಿದ್ದ ಗೆಳತಿಯ ನೆನಪಿಗೆ ಫ್ಯಾನಿ ಎಂದು ಹೆಸರಿಟ್ಟಳು.

ಇಮ್ಲೆಯ ಆಗಿನ ವ್ಯಾಪಾರ ಹೀಗಿತ್ತು. ಇಂಗ್ಲೆಂಡಿನ ನೌಕಾಪಡೆ ಫ್ರಾನ್ಸಿನ ಬಂದರುಗಳಿಗೆ ದಿಗ್ಬಂಧನ ಹಾಕಿತ್ತು. ಪ್ಯಾರಿಸ್ಸಿನಲ್ಲಿ ರೊಟ್ಟಿಗೆ ಹಾಹಾಕಾರ. ಸ್ವೀಡನ್ನೂ, ಆಗ ನಾರ್ವೆಯನ್ನೂ ಆಳುತ್ತಿದ್ದ ಡೆನ್ಮಾರ್ಕೂ ಯುದ್ಧದಲ್ಲಿ ಯಾರ ಪಕ್ಷವೂ ಅಲ್ಲ. ಹಾಗಾಗಿ ಆ ದೇಶಗಳ ಬಾವುಟ ಹಾರಿಸಿಕೊಂಡು ಬರುವ ಹಡಗಿನಲ್ಲಿ ದವಸ ತರಿಸಬಹುದು. ಆದರೆ ಫ್ರಾನ್ಸಿನ ನೋಟಿಗೆ ಹೊರಗೆ ಬೆಲೆಯಿಲ್ಲ. ಆದ್ದರಿಂದ ಬೆಳ್ಳಿ ಕೊಡಬೇಕು. ತಲೆ ಕಳೆದುಕೊಂಡ ರಾಜಮನೆತನದ ಲಾಂಛನವಿದ್ದ ಬೆಳ್ಳಿ ತಟ್ಟೆಗಳು, ಬೆಳ್ಳಿ ಗಟ್ಟಿಗಳು, ಒಟ್ಟು ಅಂದಾಜು 3,500 ಪೌಂಡ್ ಬಾಳುವ ಮಾಲು 1794ರ ಆಗಸ್ಟಿನಲ್ಲಿ ಲ ಹಾವ್ರ್‌ನಿಂದ ಸ್ವೀಡನ್ನಿನ ಗೋಥೆನ್‌ಬರ್ಗಿಗೆ ಹೊರಟಿತು. ಹಡಗಿಗೆ ಮಾರಿಯಾ ಮತ್ತು ಮಾರ್ಗರೇಟಾ ಎಂದು ಹೆಸರು. ಮೇರಿಯ ಹೆಸರೂ, ಮಗುವನ್ನು ನೋಡಿಕೊಳ್ಳುತ್ತಿದ್ದ ಫ್ರೆಂಚ್ ಹುಡುಗಿ ಮಾರ್ಗೆರೀತ್‌ಳ ಹೆಸರೂ ಅದರಲ್ಲಿ ಕೇಳಿಸುತ್ತದೆ. ಕಪ್ತಾನ ನಾರ್ವೆಯ ರೀಸೋರ್ ಊರಿನ ಪೇಡರ್ ಎಲೆಫ್‌ಸೆನ್, ಇನ್ನೂ ಎಳೆ ಪ್ರಾಯದವನು. ಹಡಗು ನಾರ್ವೆಯ ತೀರ ಮುಟ್ಟಿತು. ಬೆಳ್ಳಿ ಗೋಥೆನ್‌ಬರ್ಗ್ ಮುಟ್ಟಲಿಲ್ಲ.

1795ರ ಏಪ್ರಿಲಿನಲ್ಲಿ ಮೇರಿ ಮಗುವಿನೊಂದಿಗೆ ಲಂಡನ್ನಿಗೆ ಬಂದಾಗ ಇಮ್ಲೆಯ ಮನಸ್ಸು ಬೇರೆ ಕಡೆ ಹೋಗಿತ್ತು. ಮೇ ತಿಂಗಳಲ್ಲಿ ಅವಳು ಅಫೀಮಿನ ದ್ರಾವಣ ಕುಡಿದು ಪ್ರಾಣ ಬಿಡಲು ನೋಡಿದಳು. ಉಳಿದುಕೊಂಡಳು. ಇದಾದ ಕೆಲವೇ ದಿನಗಳಲ್ಲಿ, ಮೇ 19ರ ತಾರೀಖು ಹಾಕಿ ಇಮ್ಲೆ ಅವಳ ಹೆಸರಿಗೆ ಒಂದು ಪವರ್ ಆಫ್ ಅಟಾರ್ನಿ ಬರೆದುಕೊಟ್ಟ. ಉತ್ತರದ ದೇಶಗಳಿಗೆ ಹೋಗಿ ತನ್ನ ಪರವಾಗಿ ವ್ಯವಹಾರ ನಡೆಸಲು, ಬಾಕಿ ವಸೂಲಿ ಮಾಡಲು ಈಕೆಗೆ ಅಧಿಕಾರವಿದೆ ಎಂದು. ಆ ಕಾಗದದಲ್ಲಿ ಅವಳು ಅವನ ಪರಮಮಿತ್ರೆ, ಹೆಂಡತಿ. ಮನೆಯೊಳಗೆ ಅಲ್ಲ, ಕಾಗದದೊಳಗೆ ಮಾತ್ರ. ಕೈಬಿಟ್ಟ ಹೆಣ್ಣಿಗೇ ವಸೂಲಿಯ ಕೆಲಸ ಒಪ್ಪಿಸುವ ಗಂಡಸಿನ ಬುದ್ಧಿವಂತಿಕೆಯನ್ನು ನಾವು ಮೆಚ್ಚಬೇಕೋ ಬೇಡವೋ, ನೀವೇ ಹೇಳಿ. ಅವನ ಪಾಲಿಗೆ ಅವಳಷ್ಟು ನಂಬಿಕಸ್ಥ ಗುಮಾಸ್ತೆ ಬೇರೆ ಇರಲಿಲ್ಲ.

ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಹಲ್ ಬಂದರಿಗೆ ಹೋಗಿ ಗಾಳಿಗಾಗಿ ಕಾದಳು. ಹಾಯಿಹಡಗಿನ ಕಾಲ. ಗಾಳಿ ಒಪ್ಪಿದರೆ ಪ್ರಯಾಣ, ಇಲ್ಲದಿದ್ದರೆ ಇಲ್ಲ. ಸಿಕ್ಕಿದ್ದು ಪ್ರಯಾಣಿಕರಿಗೆಂದು ಕಟ್ಟಿದ ಹಡಗೂ ಅಲ್ಲ, ಸಾಮಾನು ಸಾಗಿಸುವಂಥದ್ದು. ಹನ್ನೊಂದು ದಿನ ಅದರಲ್ಲಿ ಕಳೆದು ಸ್ವೀಡನ್ನಿನ ತೀರದ ಹತ್ತಿರ ಬಂದಾಗ ಗಾಳಿ ತಿರುಗಿ ಹಡಗು ಬಂದರಿಗೆ ಹೋಗಲಾರದೆ ನಿಂತಿತು. ಕಾಯುತ್ತ ಕೂರುವ ಹೆಂಗಸಲ್ಲ ಮೇರಿ. ಕಪ್ತಾನನನ್ನು ಕಾಡಿ ಬೇಡಿ ಒಂದು ದೋಣಿ ಇಳಿಸಿಸಿಕೊಂಡಳು. ಒಂದು ವರ್ಷ ದಾಟಿದ ಮಗು, ಕಡಲು ಕಂಡರೆ ನಡುಗುವ ಮಾರ್ಗೆರೀತ್, ಇಬ್ಬರನ್ನೂ ಕಟ್ಟಿಕೊಂಡು ದೀಪಸ್ತಂಭದ ಬಂಡೆಯ ಕಡೆಗೆ ಹೊರಟಳು. ಅಲ್ಲಿ ಒಂದು ಗುಡಿಸಲಿನಿಂದ ಇಬ್ಬರು ಮುದುಕರು ಹೊರಬಂದರು. ಅವರಿಂದ ಏನೂ ಸಹಾಯವಾಗಲಿಲ್ಲ. ಮುಂದೆ ತೀರದಲ್ಲಿ ಹಡಗುಗಳಿಗೆ ದಾರಿ ತೋರಿಸುವ ಅಧಿಕಾರಿಯೊಬ್ಬನ ಮನೆ ಸಿಕ್ಕಿತು. ಅವನ ಹೆಂಡತಿ ಒಳಗೆ ಕರೆದು ಉಪಚರಿಸಿದಳು.

ಆ ಮನೆಯಲ್ಲಿ ಸೊಗಸಾದ ಕಾಫಿ ಕೊಟ್ಟರಂತೆ. ಕಾಫಿ ಕುಡಿಯುವುದೇ ಆ ದೇಶದಲ್ಲಿ ನಿಷಿದ್ಧ ಎನ್ನುವುದು ಅವಳಿಗೆ ಆಮೇಲೆ ತಿಳಿಯಿತು. ಹೌದು, ಸ್ವೀಡನ್ನಿನ ಸರ್ಕಾರ 1794ರಲ್ಲಿ ಕಾಫಿಯನ್ನು ನಿಷೇಧಿಸಿತ್ತು. ಗುರುತಿಲ್ಲದ ಹೆಂಗಸು ಮಗುವಿನೊಂದಿಗೆ ಕಡಲಿನಿಂದ ಎದ್ದು ಬಂದರೆ ಕಾನೂನು ಮುರಿದಾದರೂ ಒಂದು ಲೋಟ ಕಾಫಿ ಕೊಡಬೇಕು ಎನ್ನುವ ಆ ಮನೆಯೊಡತಿಯನ್ನು ನೆನೆದರೆ ನನಗೆ ಅವಳ ಹೆಸರು ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತದೆ. ಮಾತಿನ ನಡುವೆ ಮನೆಯ ಯಜಮಾನ, ಈಕೆ ಗಂಡಸರು ಕೇಳುವಂಥ ಪ್ರಶ್ನೆಗಳನ್ನು ಕೇಳುತ್ತಾಳೆ ಎಂದು ಎದುರಿಗೇ ಹೇಳಿದ. ಮೇರಿ ಅದನ್ನು ಹೊಗಳಿಕೆಯೆಂದೂ ಬರೆದಿಲ್ಲ, ಬೈಗುಳವೆಂದೂ ಬರೆದಿಲ್ಲ. ಹೇಳಿದ ಎಂದು ದಾಖಲಿಸಿ ಮುಂದೆ ಹೋಗುತ್ತಾಳೆ. ಆ ಪ್ರಶ್ನೆಗಳು ಏಕೆ ಬೇಕಾಗಿದ್ದವು ಎನ್ನುವುದು ನಮಗೀಗ ಗೊತ್ತು.

ಗೋಥೆನ್‌ಬರ್ಗಿನಲ್ಲಿ ಇಮ್ಲೆಯ ವ್ಯಾಪಾರದ ಪಾಲುಗಾರ ಎಲಿಯಾಸ್ ಬಕ್‌ಮನ್ ಇದ್ದ. ಬೆಳ್ಳಿ ತಲುಪಬೇಕಾಗಿದ್ದುದೇ ಅವನಿಗೆ. ಮೇರಿ ಸ್ವಲ್ಪ ದಿನ ಅಲ್ಲಿದ್ದು ಸುತ್ತಲಿನ ಬದುಕನ್ನು ನೋಡಿದಳು. ನೋಡಿದ್ದರಲ್ಲಿ ನನಗೆ ಮರೆಯಲಾಗದ ಒಂದು ಸಂಗತಿ ಇದೆ. ಸ್ವೀಡನ್ನಿನ ಮನೆಗಳಲ್ಲಿ ಚಳಿಗಾಲಕ್ಕೂ ಬಟ್ಟೆ ಒಗೆಯಲು ಕೆಲಸದ ಹೆಂಗಸರು ಹೊಳೆಗೇ ಹೋಗಬೇಕು. ಮಂಜುಗಡ್ಡೆ ತಾಗಿ ಅವರ ಕೈಗಳು ಸೀಳಿ ರಕ್ತ ಬರುತ್ತದೆ. ಅದೇ ಮನೆಯ ಗಂಡಾಳುಗಳು ಒಂದು ಬಟ್ಟೆ ತೊಟ್ಟಿಯನ್ನು ಹೊತ್ತುಕೊಟ್ಟು ನೆರವಾಗುವುದಿಲ್ಲ, ಹೊತ್ತರೆ ಗಂಡಸುತನಕ್ಕೆ ಕುಂದು. ಅವಳು ಹೋದದ್ದು ಬೇಸಿಗೆಯಲ್ಲಿ. ಮಂಜುಗಡ್ಡೆಯನ್ನು ಕಂಡಿರುವ ಸಾಧ್ಯತೆಯಿಲ್ಲ. ಅಂದರೆ ಯಾರನ್ನೋ ಕೇಳಿ ತಿಳಿದಿದ್ದಾಳೆ, ಬೇಸಿಗೆಯ ಸೊಗಸಿನಲ್ಲಿ ನಿಂತು ಚಳಿಗಾಲದ ಕಷ್ಟವನ್ನು ವಿಚಾರಿಸಿದ್ದಾಳೆ. ಪ್ರವಾಸಿಗಳಲ್ಲಿ ಈ ಗುಣ ಅಪರೂಪ.

ಜುಲೈಯಲ್ಲಿ ಅವಳು ನಾರ್ವೆಗೆ ಹೊರಟಳು. ಮಗುವನ್ನು ಮಾರ್ಗೆರೀತ್ ಕೈಯಲ್ಲಿ ಗೋಥೆನ್‌ಬರ್ಗಿನಲ್ಲೇ ಬಿಟ್ಟಳು. ನಮ್ಮೂರಿನ ಮಹಿಳಾ ಮಂಡಳಿಯಲ್ಲಿ ಒಮ್ಮೆ ಈ ಕಥೆ ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬರು ಥಟ್ಟನೆ ಕೇಳಿದರು, "ಮಗು ಅಷ್ಟು ದಿನ ಇತ್ತೇನ್ರೀ?" ಇತ್ತು. ಇರದೆ ಇದ್ದದ್ದು ತಾಯಿ. ತಾನೇ ಹಾಲೂಡಿಸಿ ಬೆಳೆಸಿದ ಮಗುವನ್ನು ಹೀಗೆ ಬಿಟ್ಟು ಬಂದ ಮೇಲೆ ಅವಳು ಬರೆದ ಪತ್ರಗಳಲ್ಲಿ ಕಂಡ ಕಂಡ ಮಕ್ಕಳೆಲ್ಲ ಬಂದು ಕೂರುತ್ತಾರೆ.

ಭೂಪಟವನ್ನು ಕಣ್ಣ ಮುಂದೆ ತಂದುಕೊಳ್ಳಿ. ಸ್ವೀಡನ್ನಿನ ಪಶ್ಚಿಮ ತೀರಕ್ಕೂ ನಾರ್ವೆಯ ದಕ್ಷಿಣ ತೀರಕ್ಕೂ ನಡುವೆ ಕಡಲು ಒಂದು ಚೀಲದ ಹಾಗೆ ಒಳಗೆ ನುಗ್ಗಿದೆ. ಚೀಲದ ತಳದಲ್ಲಿರುವುದು ಇಂದಿನ ಆಸ್ಲೊ, ಆಗ ಅದಕ್ಕೆ ಕ್ರಿಸ್ಟಿಯಾನಿಯಾ ಎಂದು ಹೆಸರು. ಬಾಯಿಯ ಪೂರ್ವದ ಅಂಚಿನಲ್ಲಿ ಸ್ವೀಡನ್ನಿನ ಸ್ಟ್ರೋಮ್‌ಸ್ಟಾಡ್, ಪಶ್ಚಿಮದ ಅಂಚಿನಲ್ಲಿ ನಾರ್ವೆಯ ಲಾರ್ವಿಕ್. ಅಲ್ಲಿಂದ ಸ್ವಲ್ಪ ಒಳಗೆ ಟೋನ್ಸ್‌ಬರ್ಗ್, ಇತ್ತ ಕಡಲಗುಂಟ ಇಳಿದರೆ ರೀಸೋರ್. ಮೇರಿ ಸ್ಟ್ರೋಮ್‌ಸ್ಟಾಡಿನಿಂದ ತೆರೆದ ದೋಣಿಯಲ್ಲಿ ಈ ಬಾಯಿಯನ್ನು ದಾಟಿದಳು. ಕಡಲು ಶಾಂತವಾಗಿರಲಿಲ್ಲ. ದೋಣಿಗಳು ಹೊರಗೆ ಕೊಚ್ಚಿಹೋಗಿ ಕಾಣೆಯಾಗುವುದುಂಟು ಎಂದು ಮೊದಲೇ ಹೇಳಿದ್ದರು. ನಡೆಸುವವನು ಪಳಗಿದವನು ಎನ್ನುವ ಒಂದೇ ಧೈರ್ಯ. ಚಿಕ್ಕ ದ್ವೀಪಗಳ, ದೊಡ್ಡ ಬಂಡೆಗಳ ಸಂದಿಯಲ್ಲಿ ದಾರಿ. ದಡ ಒಮ್ಮೆ ಕಾಣುತ್ತದೆ, ಒಮ್ಮೆ ನೀರಿನ ಅಂಚಿಗೆ ಮಂಜಿನ ಗೆರೆಯಷ್ಟೇ ಆಗುತ್ತದೆ. ಅವಳು ದೊಡ್ಡ ಕೋಟನ್ನು ಸುತ್ತಿಕೊಂಡು ದೋಣಿಯ ತಳದಲ್ಲಿ ರಾಶಿ ಬಿದ್ದಿದ್ದ ಹಾಯಿಬಟ್ಟೆಯ ಮೇಲೆ ಮಲಗಿ ನಿದ್ದೆ ಹೋದಳು. ಅಲೆಯೊಂದು ಬಂದು ಎಬ್ಬಿಸಿತು.

ಎದ್ದಾಗ ಆವರಿಸಿದ್ದು ಒಂಟಿತನ. ಆ ದಾಟುವಿಕೆಯ ಬಗ್ಗೆ ಬರೆದ ಪತ್ರದಲ್ಲಿಯೇ ಮಗಳ ವಿಚಾರ ಬರುತ್ತದೆ. ಹೆಣ್ಣಾಗಿ ಹುಟ್ಟಿದ್ದಾಳಲ್ಲ, ಇವಳ ಬುದ್ಧಿಯನ್ನು ಬೆಳೆಸಿದರೆ ಲೋಕದಲ್ಲಿ ಹೊಂದದೆ ನೋಯುತ್ತಾಳೆ, ಬೆಳೆಸದಿದ್ದರೆ ಇನ್ನೇನಾಗುತ್ತಾಳೆ ಎನ್ನುವ ಹೆದರಿಕೆ ಅದು. ಹೆಣ್ಣಿನ ಶಿಕ್ಷಣಕ್ಕಾಗಿ ಯೂರೋಪೆಲ್ಲ ಕೇಳುವಂತೆ ವಾದಿಸಿದವಳು ತನ್ನ ಮಗಳ ವಿಷಯಕ್ಕೆ ಬಂದಾಗ ಹೆದರುತ್ತಾಳೆ. ಇದನ್ನು ಕೆಲವರು ಅವಳ ದೌರ್ಬಲ್ಯ ಎಂದಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ವಾದದ ಬೆಲೆಯನ್ನು ಯಾರು ತೆರಬೇಕಾಗುತ್ತದೆ ಎನ್ನುವ ಲೆಕ್ಕ ಅವಳಿಗೆ ಗೊತ್ತಿತ್ತು, ಅಷ್ಟೆ.

ಲಾರ್ವಿಕ್‌ನಲ್ಲಿ ಭಾಷೆ ಬಾರದೆ ಜನರ ಗುಂಪಿನ ನಡುವೆ ನಿಂತು, ಮುರುಕಲು ಗಾಡಿಯೊಂದನ್ನು ಹಿಡಿದು, ಅರೆ ಅಮಲಿನಲ್ಲಿದ್ದ ಗಾಡಿಯವನ ಪಕ್ಕದಲ್ಲಿ ಕುಳಿತು ಟೋನ್ಸ್‌ಬರ್ಗಿಗೆ ಬಂದಳು. ಆ ಊರಿನ ಮೇಯರ್ ಯಾಕೋಬ್ ವುಲ್ಫ್ಸ್‌ಬರ್ಗ್ ಇಂಗ್ಲಿಷ್ ಬಲ್ಲವನು. ಇಲ್ಲಿ ಮೂರು ವಾರವಾದರೂ ತಂಗಬೇಕಾಗುತ್ತದೆ ಎಂದು ಹೇಳಿದ. ಓದುಗರಿಗೆ ಆ ಮೂರು ವಾರದ ಕಾರಣ ತಿಳಿಯುವುದಿಲ್ಲ. ಅವನು ಎಲೆಫ್‌ಸೆನ್‌ನ ಬೆಳ್ಳಿ ಪ್ರಕರಣದ ವಿಚಾರಣೆ ನಡೆಸಿದವರಲ್ಲಿ ಒಬ್ಬ. ಮೇರಿ ಬಂದದ್ದು ಅವನನ್ನು ಕಾಣಲೆಂದೇ.

ಈ ಟೋನ್ಸ್‌ಬರ್ಗಿನ ದಿನಗಳೇ ಪುಸ್ತಕದ ತಿರುಳು. ಕಚೇರಿ ಕೆಲಸ ಎಲ್ಲ ಊರಿನಲ್ಲೂ ಒಂದೇ. ಹೋಗಬೇಕು, ಕಾಯಬೇಕು, ನಾಳೆ ಬನ್ನಿ ಎನಿಸಿಕೊಳ್ಳಬೇಕು. ಆ ಕಾಯುವ ಹೊತ್ತನ್ನು ಅವಳು ತನ್ನದಾಗಿ ಮಾಡಿಕೊಂಡಳು. ಊರ ಹೊರಗೆ ಕಬ್ಬಿಣದ ಅಂಶವಿರುವ ಬುಗ್ಗೆಯಿತ್ತು, ಬೆಳಿಗ್ಗೆ ಅಲ್ಲಿಗೆ ನಡೆದು ಹೋಗುವಳು. ಮಧ್ಯಾಹ್ನ ಕಡಲ ದಂಡೆಯ ಬಂಡೆಯ ಮರೆಯಲ್ಲಿ ಮಲಗುವಳು. ಸ್ವಲ್ಪ ದೂರದಲ್ಲಿ ಸ್ನಾನಕ್ಕೆ ಚೆನ್ನಾದ ಉಪ್ಪುನೀರು ಇದೆಯೆಂದು ಒಬ್ಬ ತರುಣಿ ದೋಣಿಯಲ್ಲಿ ಕರೆದೊಯ್ಯುತ್ತಿದ್ದಳು. ಆ ತರುಣಿ ಬಸುರಿ. ಬಸುರಿ ಹುಟ್ಟು ಹಾಕುವುದು, ತಾನು ಕೈಕಟ್ಟಿ ಕೂರುವುದು ಮೇರಿಗೆ ಸರಿಬೀಳಲಿಲ್ಲ. ಒಂದು ಹುಟ್ಟನ್ನು ಹಟ ಮಾಡಿ ಇಸಿದುಕೊಂಡು ತಾನೂ ದೋಣಿ ನಡೆಸುವುದನ್ನು ಕಲಿತಳು. ಕಷ್ಟವೇನಲ್ಲ ಎಂದು ಬರೆದಿದ್ದಾಳೆ. ಹುಟ್ಟಿನ ಬಡಿತಕ್ಕೆ ಯೋಚನೆಗಳೂ ತಾಳ ಹಾಕತೊಡಗಿದವು. ಒಮ್ಮೊಮ್ಮೆ ಹುಟ್ಟನ್ನು ಬಿಟ್ಟು ದೋಣಿಯನ್ನು ನೀರು ಒಯ್ದ ಕಡೆಗೆ ಹೋಗಗೊಟ್ಟಳು. ನೀರಿನಡಿಯಲ್ಲಿ ಲೋಳೆಯಂಥ ಜೀವಿಗಳು ಗುಂಪಾಗಿ ತೇಲುತ್ತಿದ್ದವು. ನೀರಿನಿಂದ ಎತ್ತಿದರೆ ಬಣ್ಣವೂ ಇಲ್ಲ, ಆಕಾರವೂ ಇಲ್ಲ, ಗಟ್ಟಿಯಾದ ನೀರಿನ ಹಾಗೆ. ಇಂಗ್ಲೆಂಡಿನಿಂದ ಹೊರಟಾಗ ಜ್ವರದಿಂದ, ನಿದ್ದೆಯಿಲ್ಲದೆ ಬಳಲಿದ್ದವಳು ಇಲ್ಲಿ ಮೈಕೈ ತುಂಬಿಕೊಂಡು ಚೇತರಿಸಿದಳು.

ಆದರೆ ಅವಳ ಲೆಕ್ಕದ ಬುದ್ಧಿ ಮಲಗಿರಲಿಲ್ಲ. ಅವಳು ಇಳಿದುಕೊಂಡಿದ್ದ ವಸತಿಗೃಹದ ಒಡತಿಯ ಕೂಸಿಗೆ ಮೊಲೆಯೂಡಿಸಲು ಒಬ್ಬ ದಾದಿ ಇದ್ದಳು. ಚಿಕ್ಕ ವಯಸ್ಸು. ವರ್ಷಕ್ಕೆ ಸಂಬಳ 12 ಡಾಲರು. ಅಲ್ಲಿನ ನಾಣ್ಯಕ್ಕೆ ಮೇರಿ ಬಳಸುವ ಮಾತು ಅದು. ಈ ದಾದಿಗೂ ಒಂದು ಕೂಸಿದೆ. ಅದನ್ನು ಬೇರೆಯವರ ಮನೆಯಲ್ಲಿ ಸಾಕಲು ಬಿಟ್ಟಿದ್ದಾಳೆ. ಸಾಕುವವರಿಗೆ ವರ್ಷಕ್ಕೆ 10 ಡಾಲರು. ತನ್ನ ಮಗುವಿನ ಹಾಲನ್ನು ಬೇರೆ ಮಗುವಿಗೆ ಮಾರಿ, ಆ ದುಡ್ಡಿನಲ್ಲಿ ತನ್ನ ಮಗುವನ್ನು ಬೇರೆಯವರಿಂದ ಸಾಕಿಸಿ, ಅವಳ ಕೈಯಲ್ಲಿ ಉಳಿಯುವುದು ವರ್ಷಕ್ಕೆ 2 ಡಾಲರು. ಮಗುವಿನ ಅಪ್ಪ ಖರ್ಚು ಬೀಳುತ್ತದೆಂದು ಓಡಿಹೋಗಿದ್ದಾನೆ. ಮೇರಿ ಇದನ್ನು ಬರೆಯುತ್ತಾಳೆ. ಹನ್ನೆರಡರಲ್ಲಿ ಹತ್ತು ಕಳೆದು ನಮ್ಮ ಮುಂದಿಡುತ್ತಾಳೆ. ತನ್ನದೇ ಮಗು ಇನ್ನೊಬ್ಬ ಹುಡುಗಿಯ ಕೈಯಲ್ಲಿ ಇನ್ನೊಂದು ದೇಶದಲ್ಲಿದೆ, ತನ್ನ ಮಗುವಿನ ಅಪ್ಪನೂ ಹೆಚ್ಚುಕಡಿಮೆ ಓಡಿದವನೇ, ಅವನ ಬೆಳ್ಳಿಯ ಬೆಲೆ ಮೂರೂವರೆ ಸಾವಿರ ಪೌಂಡ್. ಇದಿಷ್ಟನ್ನು ಒಟ್ಟಿಗೆ ಇಟ್ಟು ಆ ಪುಟವನ್ನು ಓದಿದಾಗ ಅದು ಬರೀ ಪ್ರವಾಸ ಕಥನವಾಗಿ ಉಳಿಯುವುದಿಲ್ಲ.

ಇದೇ ದಿನಗಳಲ್ಲಿ ಅವಳು ಇಮ್ಲೆಗೂ ಪತ್ರ ಬರೆಯುತ್ತಿದ್ದಳು. ಅವು ಅವಳ ಸಾವಿನ ನಂತರ 1798ರಲ್ಲಿ ಅಚ್ಚಾದವು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಪುಸ್ತಕದಲ್ಲಿ ಬಂಡೆ, ಬೆಳಕು, ಜನ. ಖಾಸಗಿ ಪತ್ರಗಳಲ್ಲಿ ಒಂದೇ ಪ್ರಶ್ನೆ: ನಾವು ಒಟ್ಟಿಗೆ ಇರುತ್ತೇವೋ ಇಲ್ಲವೋ, ತೀರ್ಮಾನ ಹೇಳು. ಉತ್ತರ ಬರುವುದಿಲ್ಲ, ಬಂದರೂ ಅದರಲ್ಲಿ ವ್ಯಾಪಾರದ ಮಾತು. ಬಿಡುವಿನ ಬರವಣಿಗೆಯಂತೆ ಕಾಣುವ ಪುಸ್ತಕದ ಅಡಿಯಲ್ಲಿ ಈ ಕಾಗದಗಳಿವೆ.

ಆಗಸ್ಟಿನಲ್ಲಿ ರೀಸೋರ್‌ಗೆ ಹೋದಳು. ರಸ್ತೆ ಮುಗಿದ ಮೇಲೆ ದೋಣಿಯೇ ಗತಿ, ಅಂಬಿಗರಿಗೆ ಕುಡಿಯುವ ಚಟ. ಟೋನ್ಸ್‌ಬರ್ಗಿನಲ್ಲಿ ಕಡಲನ್ನು ಪ್ರೀತಿಸಿದವಳಿಗೆ ರೀಸೋರ್ ಉಸಿರು ಕಟ್ಟಿಸಿತು. ಎತ್ತರದ ಬಂಡೆಯ ಬುಡದಲ್ಲಿ ಇಕ್ಕಟ್ಟಾಗಿ ಕೂತ ಸುಮಾರು ಇನ್ನೂರು ಮನೆ. ಹಿಂದೆ ಗೋಡೆಯಂಥ ಕಲ್ಲು, ಮುಂದೆ ನೀರು. ಪ್ರಕೃತಿಯೇ ಕಟ್ಟಿದ ಸೆರೆಮನೆಯ ಹಾಗೆ ಅವಳಿಗೆ ತೋರಿತು. ಗಂಡಸರು ಬೆಳಗಿನಿಂದ ರಾತ್ರಿಯವರೆಗೆ ತಂಬಾಕಿನ ಹೊಗೆಯಲ್ಲಿ ಕುಳಿತು ಲಾಭದ ಮಾತಾಡುತ್ತಾರೆ, ಕಿಟಕಿ ತೆರೆಯುವವರಿಲ್ಲ. ಒಂದು ಊರಿನ ಮೇಲೆ ಇಷ್ಟು ಸಿಟ್ಟು ಏಕೆ ಎಂದು ಹಳೆಯ ಓದುಗರು ಬೆರಗಾಗಿರಬೇಕು. ಅದು ಎಲೆಫ್‌ಸೆನ್‌ನ ಊರು. ಅವನ ಮನೆತನ ಅಲ್ಲಿ ದೊಡ್ಡದು. ಬೆಳ್ಳಿಯ ಕಪ್ತಾನನನ್ನು ಅವಳು ಅಲ್ಲಿ ಮುಖಾಮುಖಿ ಕಂಡಳು. ದೊಡ್ಡ ಮನೆತನದ ಊರಿನಲ್ಲಿ ಒಬ್ಬಂಟಿ ಹೆಂಗಸು ನ್ಯಾಯ ಕೇಳಿಕೊಂಡು ಹೋದರೆ ಏನು ಸಿಗುತ್ತದೋ ಅದೇ ಸಿಕ್ಕಿತು. ಒಪ್ಪಂದವಾಗಲಿಲ್ಲ.

ಅಲ್ಲಿಂದ ಮುಂದಿನದನ್ನು ಚಿಕ್ಕದಾಗಿ ಹೇಳಬಹುದು. ಕ್ರಿಸ್ಟಿಯಾನಿಯಾದಲ್ಲಿ ಸಂಕೋಲೆ ತೊಟ್ಟ ಕೈದಿಗಳನ್ನು ನೋಡಿದಳು. ಗೋಥೆನ್‌ಬರ್ಗಿಗೆ ಮರಳಿ ಮಗುವನ್ನು ಎತ್ತಿಕೊಂಡಳು. ಕೋಪನ್‌ಹೇಗನ್ನಿಗೆ ಹೋದಾಗ ಆ ಊರು ಜೂನ್ ತಿಂಗಳ ಬೆಂಕಿಯಲ್ಲಿ ಬೆಂದು ಬಿದ್ದಿತ್ತು, ಮನೆ ಕಳೆದುಕೊಂಡವರು ಡೇರೆಗಳಲ್ಲಿದ್ದರು. ಡೆನ್ಮಾರ್ಕಿನ ಮುಖ್ಯಮಂತ್ರಿಯಂತಿದ್ದ ಬರ್ನ್‌ಸ್ಟಾರ್ಫ್‌ನನ್ನೂ ಕಂಡು ದೂರು ಕೊಟ್ಟಳು. ಸೆಪ್ಟೆಂಬರ್ 5ರ ತಾರೀಖಿನಲ್ಲಿ ಅವನಿಗೆ ಬರೆದ ಕಾಗದವೊಂದು ಇತ್ತೀಚೆಗೆ, ಈ ಶತಮಾನದ ಆರಂಭದಲ್ಲಿ, ಬೆಳಕಿಗೆ ಬಂತು. ಕಡೆಗೆ ಹ್ಯಾಂಬರ್ಗ್. ಅಲ್ಲಿ ಇಮ್ಲೆ ಬಂದು ಸೇರಬಹುದು ಎಂಬ ಆಸೆಯಿತ್ತು. ಬರಲಿಲ್ಲ. ಯುದ್ಧದಿಂದ ಕೊಬ್ಬಿದ ಆ ಊರಿನ ವ್ಯಾಪಾರಿಗಳನ್ನು ಬೈಯುತ್ತ ಬೈಯುತ್ತ ಅವಳು ಪುಸ್ತಕದ ಕೊನೆಯ ಹತ್ತಿರ ಬರುತ್ತಾಳೆ. ಆ ಬೈಗುಳ ಯಾರಿಗೆಂದು ಇಮ್ಲೆಗೆ ಅರ್ಥವಾಗದೆ ಇರಲು ಸಾಧ್ಯವಿಲ್ಲ. ಬೆಳ್ಳಿ ಕಡೆಗೆ ಎಲ್ಲಿ ಕರಗಿತು ಎಂಬುದು ಇಂದಿಗೂ ಇತಿಹಾಸಕಾರರ ಜಗಳದ ವಿಷಯ.

ಅಕ್ಟೋಬರಿನಲ್ಲಿ ಲಂಡನ್ನಿಗೆ ಬಂದಾಗ ಇಮ್ಲೆ ಬೇರೊಬ್ಬಳೊಂದಿಗೆ ಸಂಸಾರ ಹೂಡಿದ್ದ. ಮೇರಿ ಮಳೆಯ ರಾತ್ರಿಯಲ್ಲಿ ಥೇಮ್ಸ್ ನದಿಗೆ ಹಾರಿದಳು. ಯಾರೋ ಎಳೆದು ದಡಕ್ಕೆ ಹಾಕಿದರು. ಅದಾಗಿ ಕೆಲವೇ ವಾರಗಳಲ್ಲಿ ಕುಳಿತು ಪುಸ್ತಕವನ್ನು ಅಚ್ಚಿಗೆ ಸಿದ್ಧ ಮಾಡಿದಳು. ಇಮ್ಲೆಯ ದುಡ್ಡು ಬೇಡವೆಂದಿದ್ದಳು, ಸಾಲವಿತ್ತು, ಮಗುವಿತ್ತು. ನನ್ನ ಮಟ್ಟಿಗೆ ಅವಳ ಧೈರ್ಯವಿರುವುದು ಕಡಲು ದಾಟಿದ್ದರಲ್ಲಿ ಅಲ್ಲ, ಆ ವಾರಗಳಲ್ಲಿ. ವಸೂಲಿಗೆಂದು ಹೋದವಳಿಗೆ ಅವನ ಬೆಳ್ಳಿ ದಕ್ಕಲಿಲ್ಲ. ಕಾಯುತ್ತ ಕುಳಿತ ಹೊತ್ತಿನಲ್ಲಿ ಕಂಡದ್ದನ್ನೆಲ್ಲ ತನ್ನ ಹೆಸರಿನಲ್ಲಿ ಮಾರಿ ತನ್ನ ಸಾಲ ತೀರಿಸಿಕೊಳ್ಳಲು ಕೂತಳು. ಪುಸ್ತಕ ಜನಕ್ಕೆ ಹಿಡಿಸಿತು, ಬೇಗನೆ ಜರ್ಮನ್, ಡಚ್, ಸ್ವೀಡಿಷ್ ಭಾಷೆಗಳಿಗೂ ಹೋಯಿತು. ವಿಲಿಯಂ ಗಾಡ್ವಿನ್ ಎಂಬ ತತ್ವಚಿಂತಕ ಅದನ್ನು ಓದಿ, ಬರೆದವಳಲ್ಲಿ ಮನಸ್ಸಿಟ್ಟ. 1797ರ ಮಾರ್ಚಿನಲ್ಲಿ ಮದುವೆಯಾದರು. ಆಗಸ್ಟ್ 30ರಂದು ಇನ್ನೊಂದು ಹೆಣ್ಣು ಮಗು ಹುಟ್ಟಿತು. ಹನ್ನೊಂದನೆಯ ದಿನಕ್ಕೆ ಬಾಣಂತಿ ಜ್ವರದಲ್ಲಿ ಮೇರಿ ತೀರಿಕೊಂಡಳು. ವಯಸ್ಸು 38. ಗಂಡ ಪ್ರೀತಿಯಿಂದಲೇ ಅವಳ ಜೀವನವನ್ನು ಬರೆದು ಮುಚ್ಚುಮರೆಯಿಲ್ಲದೆ 1798ರಲ್ಲಿ ಅಚ್ಚು ಹಾಕಿಸಿದ. ಮದುವೆಯಿಲ್ಲದ ಮಗು, ನದಿಗೆ ಹಾರಿದ್ದು ಎಲ್ಲ ಬಯಲಾಗಿ ಮಾನಸ್ಥರ ಮನೆಗಳಲ್ಲಿ ಅವಳ ಹೆಸರೆತ್ತುವುದೇ ಅಪರಾಧವಾಯಿತು. ಪುಸ್ತಕವೂ ಮರೆಗೆ ಸರಿಯಿತು.

ಬೆಳ್ಳಿಯ ಹಡಗನ್ನು ಹುಡುಕಿ ತೆಗೆದವನು ಪೆರ್ ನೈಸ್ಟ್ರೋಮ್ ಎಂಬ ಸ್ವೀಡನ್ನಿನ ಇತಿಹಾಸಕಾರ. ಅವನು ಗೋಥೆನ್‌ಬರ್ಗ್ ಪ್ರಾಂತದ ಗವರ್ನರ್ ಆಗಿದ್ದವನು. ಅವಳು ಇಮ್ಲೆಯ ವ್ಯವಹಾರಕ್ಕೆ ಹೋಗಿದ್ದಳೆಂದು ಮೊದಲೇ ಗೊತ್ತಿತ್ತು. ಎಂಥ ವ್ಯವಹಾರ ಎನ್ನುವುದನ್ನು ಹಳೆಯ ದಫ್ತರಗಳಲ್ಲಿ ಹುಡುಕಿ ಅವನು ಬರೆದ ಪುಟ್ಟ ಪುಸ್ತಕ 1980ರಲ್ಲಿ ಇಂಗ್ಲಿಷಿನಲ್ಲಿ ಬಂತು. ಪ್ರೇಮಭಂಗದಿಂದ ಅಲೆದಾಡಿದ ದುಃಖಿ ಹೆಂಗಸು ಎಂದು ಎಲ್ಲರೂ ತಿಳಿದಿದ್ದವಳು, ದಸ್ತಾವೇಜು ಹಿಡಿದು ನ್ಯಾಯಾಧೀಶರನ್ನೂ ಮಂತ್ರಿಯನ್ನೂ ಕಂಡ ವ್ಯವಹಾರಸ್ಥೆ ಎಂಬುದು ಹೊರಬಿತ್ತು. ಎರಡೂ ನಿಜ ಎಂದೇ ನನ್ನ ಎಣಿಕೆ. ದುಃಖವಿದ್ದವರು ಕೆಲಸ ಮಾಡುವುದಿಲ್ಲವೇ?

ಅವಳ ಎರಡನೆಯ ಮಗಳು ಮೇರಿ, ಮುಂದೆ 'ಫ್ರಾಂಕೆನ್‌ಸ್ಟೈನ್' ಬರೆದವಳು, ತಾನು ಕಂಡೇ ಇರದ ತಾಯಿಯ ಈ ಪುಸ್ತಕವನ್ನು 1814ರಲ್ಲಿ ಯೂರೋಪಿಗೆ ಹೋದಾಗ ಜೊತೆಯಲ್ಲಿ ಒಯ್ದಿದ್ದಳು. ಮೊದಲನೆಯವಳು, ಸ್ವೀಡನ್ನಿನ ದಡಕ್ಕೆ ದೋಣಿಯಲ್ಲಿ ಬಂದಿಳಿದ ಕೂಸು ಫ್ಯಾನಿ, ಮಲತಂದೆ ಗಾಡ್ವಿನ್‌ನ ಮನೆಯಲ್ಲಿ ಬೆಳೆದಳು. ಸ್ವಂತ ತಂದೆ ಅವಳ ಬದುಕಿನಲ್ಲಿ ಮತ್ತೆ ಬರಲಿಲ್ಲ. 1816ರ ಅಕ್ಟೋಬರಿನಲ್ಲಿ, 22ನೆಯ ವಯಸ್ಸಿನಲ್ಲಿ, ಅವಳು ವೇಲ್ಸ್‌ನ ಸ್ವಾನ್ಸಿ ಎಂಬ ಕಡಲ ಊರಿಗೆ ಒಬ್ಬಳೇ ಹೋಗಿ ವಸತಿಗೃಹವೊಂದರಲ್ಲಿ ಪ್ರಾಣ ಬಿಟ್ಟಳು. ಕಾಗದದಿಂದ ತನ್ನ ಹೆಸರನ್ನು ಹರಿದು ತೆಗೆದಿತ್ತು. ಅವಳ ಗುರುತು ಹಿಡಿಯಲು ಊರಿನವರಿಗೆ ಸಿಕ್ಕಿದ್ದು ಒಳ ರವಿಕೆಯ ಮೇಲಿನ ಎರಡು ಅಕ್ಷರ, ಎಂ. ಡಬ್ಲ್ಯು. ತಾಯಿಯದನ್ನು ತೊಟ್ಟುಕೊಂಡಿದ್ದಳು.